ಹಳೆಯ ಜೀಪಿನ ಬಾಡಿಯಿಂದ ಒಂದು ಕ್ಯಾಂಪಿಂಗ್ ಟ್ರೇಲರ್

ಕೊಡಗಿನಲ್ಲಿ ಹಳೆಯ ಜೀಪಿಗೆ ಬರವಿಲ್ಲ. ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವವು ಕೆಲವು, ತೋಟದಲ್ಲಿ ಗೊಬ್ಬರದ ಮೂಟೆ ಹೊರುವವು ಕೆಲವು, ಎಂಜಿನ್ ಕಳಚಿಸಿಕೊಂಡು ಶೆಡ್ಡಿನ ಮೂಲೆಯಲ್ಲಿ ಕೋಳಿಗಳಿಗೆ ಮೊಟ್ಟೆಯಿಡಲು ಜಾಗ ಬಿಟ್ಟುಕೊಟ್ಟವು ಇನ್ನು ಕೆಲವು. ನಾಪೋಕ್ಲು ಕಡೆಯ ನಮ್ಮ ತೋಟದಲ್ಲಿದ್ದದ್ದು ಮೂರನೆಯ ಬಗೆಯದು: ಎತ್ತರದ ಬಾನೆಟ್ಟಿನ ಸಿಜೆ 3ಬಿ ಎಂಬ ಹಳೆಯ ಮಾದರಿ. ಎಂಜಿನ್ನೂ ಗೇರ್ ಬಾಕ್ಸೂ ಎಂದೋ ಬೇರೆ ಗಾಡಿಗಳಿಗೆ ಹೋಗಿದ್ದವು. ಉಳಿದದ್ದು ಬಾಡಿ, ಚಾಸಿಸ್, ಹಿಂದಿನ ಆಕ್ಸಲ್.

ಕಾಫಿ ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ಹರಡಿದ ಕಾಫಿಯನ್ನು ರಾತ್ರಿ ಯಾರಾದರೂ ಕಾಯಲೇಬೇಕು. ಆ ಕೆಲಸ ಮುಗಿಯುವಷ್ಟರಲ್ಲಿ ಕರಿಮೆಣಸು ಬರುತ್ತದೆ. ನಮ್ಮ ಒಂದು ಕಣ ಮನೆಯ ಮುಂದಿದೆ, ಇನ್ನೊಂದು ತೋಟದ ಆಚೆ ತುದಿಯಲ್ಲಿ, ಗದ್ದೆಯ ಮೇಲಿನ ಬಾಣೆ ಎಂಬ ದಿಬ್ಬದ ಜಮೀನಿನಲ್ಲಿ. ಅಲ್ಲಿ ಪ್ರತಿ ವರ್ಷ ಟಾರ್ಪಾಲಿನ ಗುಡಾರ ಕಟ್ಟಿ ಬಿಚ್ಚುವ ಬದಲು ಎಳೆದುಕೊಂಡು ಹೋಗುವ ಒಂದು ಮಲಗುವ ಜಾಗ ಇದ್ದರೆ ಕೊಯ್ಲಿಗೂ ಆಯಿತು, ಉಳಿದ ದಿನ ಮಕ್ಕಳನ್ನು ಕರೆದುಕೊಂಡು ಹೊಳೆ ಬದಿಯಲ್ಲಿ ಕ್ಯಾಂಪ್ ಮಾಡುವುದಕ್ಕೂ ಆಯಿತು ಎಂದು ಲೆಕ್ಕ ಹಾಕಿದೆ.

ಜೀಪಿಗೆ ಜೀಪಿನದೇ ಟ್ರೇಲರ್ ಎಂಬುದು ಹೊಸ ವಿಚಾರವಲ್ಲ. ಎರಡನೆಯ ಮಹಾಯುದ್ಧದಲ್ಲಿ ಸೈನಿಕ ಜೀಪಿನ ಹಿಂದೆ ಕಾಲು ಟನ್ನಿನ ಪುಟ್ಟ ಟ್ರೇಲರ್ ಓಡುತ್ತಿತ್ತು. ಅದರ ಚಕ್ರ, ಟೈರು, ಎರಡು ಚಕ್ರಗಳ ನಡುವಿನ ಅಂತರ ಎಲ್ಲವೂ ಜೀಪಿನದೇ. ಮಳೆ ಮುಗಿದ ಮೇಲೆ ತೋಟದ ರಸ್ತೆಯನ್ನು ನೋಡಿದವರಿಗೆ ಇದರ ಬೆಲೆ ತಿಳಿಯುತ್ತದೆ. ಜೀಪಿನ ಚಕ್ರ ಕೊರೆದ ಎರಡು ಜಾಡಿನಲ್ಲೇ ಹಿಂದಿನ ಗಾಡಿಯ ಚಕ್ರವೂ ಬೀಳಬೇಕು. ಅಗಲದಲ್ಲಿ ಒಂದು ಗೇಣು ಹೆಚ್ಚುಕಡಿಮೆಯಾದರೂ ಒಂದು ಚಕ್ರ ಜಾಡಿನೊಳಗೆ, ಇನ್ನೊಂದು ದಿಬ್ಬದ ಮೇಲೆ ಹತ್ತಿ ಇಡೀ ಗಾಡಿ ವಾಲಿಕೊಂಡೇ ಬರುತ್ತದೆ. ಎಳೆಯುವುದು ನಮ್ಮ ಇನ್ನೊಂದು ಜೀಪು, ಟ್ರೇಲರ್‌ಗೆ ಇರುವುದೂ ಜೀಪಿನದೇ ಆಕ್ಸಲ್. ಹಾಗಾಗಿ ಅಗಲ ಸರಿಹೋಯಿತು, ಒಂದೇ ಸ್ಟೆಪ್ನಿ ಎರಡಕ್ಕೂ ಸಾಕಾಯಿತು.

ಬಾಡಿಯನ್ನು ಎಲ್ಲಿ ಕತ್ತರಿಸಬೇಕು ಎಂಬಲ್ಲಿ ನನಗೂ ವೆಲ್ಡಿಂಗ್ ಮಾಡುವ ಕಾಕನಿಗೂ ಸ್ವಲ್ಪ ವಾದ ನಡೆಯಿತು. ಮುಂದಿನ ಸೀಟಿನ ಹಿಂದಕ್ಕೆ ಕತ್ತರಿಸಿದರೆ ಗಾಡಿ ಚಿಕ್ಕದಾಗಿ, ಹಗುರಾಗಿ ಬರುತ್ತದೆ ಎಂಬುದು ಅವರ ಮಾತು. ಅದು ಸರಿಯೇ. ಆದರೆ ಹಾಗೆ ಮಾಡಿದರೆ ಉಳಿಯುವುದು ಸಾಮಾನು ಹೊರುವ ಪೆಟ್ಟಿಗೆ ಮಾತ್ರ, ಅದರಲ್ಲಿ ಮನುಷ್ಯ ಕಾಲು ಚಾಚಲಾರ. ಡ್ಯಾಶ್‌ಬೋರ್ಡಿನ ಮುಂದಿನ ತಗಡುಗೋಡೆಯವರೆಗೂ ಬಾಡಿಯನ್ನು ಉಳಿಸಿಕೊಂಡರೆ ಒಳಗೆ ಸುಮಾರು ಆರು ಅಡಿ ಉದ್ದ ಸಿಗುತ್ತದೆ. ಹಿಂದಿನ ಬಾಗಿಲನ್ನು ಕೆಳಕ್ಕೆ ಇಳಿಸಿ ಸರಪಳಿಯಲ್ಲಿ ನಿಲ್ಲಿಸಿದರೆ ಇನ್ನೂ ಒಂದಿಷ್ಟು. "ಮಲಗುವುದಾದರೆ ಉದ್ದ ಬೇಕು ಕಾಕ" ಎಂದೆ. "ಹಾಗಾದರೆ ಭಾರ ಮುಂದಕ್ಕೆ ಬೀಳುತ್ತದೆ, ಅದನ್ನು ನೀವೇ ನೋಡಿಕೊಳ್ಳಿ ಅಣ್ಣ" ಎಂದು ಅವರು ಗ್ರೈಂಡರ್ ಎತ್ತಿಕೊಂಡರು.

ಈ ಕೆಲಸದ ತಿರುಳು ಇರುವುದು ಆ ಮಾತಿನಲ್ಲೇ. ಹೊಸದಾಗಿ ಟ್ರೇಲರ್ ಕಟ್ಟುವವನು ಆಕ್ಸಲನ್ನು ತನಗೆ ಬೇಕಾದಲ್ಲಿ ಕೂರಿಸಬಹುದು. ಜೀಪಿನ ಬಾಡಿಯಲ್ಲಿ ಚಕ್ರದ ಕಮಾನು ಎಲ್ಲಿದೆಯೋ ಅಲ್ಲೇ ಚಕ್ರ. ಆ ಜಾಗ ಬಾಡಿಯ ನಡುವಿಗಿಂತ ಬಹಳ ಹಿಂದೆ ಇರುವುದರಿಂದ ಎಳೆಯುವ ತುದಿಯ ಮೇಲೆ ಭಾರ ಹೆಚ್ಚು ಬೀಳುತ್ತದೆ. ಎತ್ತಿನ ಗಾಡಿ ಹೇರುವವರಿಗೆ ಇದು ಗೊತ್ತಿದ್ದದ್ದೇ: ಮುಂದೆ ಹೆಚ್ಚು ಹೇರಿದರೆ ಮೂಕಿ ಎತ್ತಿನ ಕುತ್ತಿಗೆಯನ್ನು ಅದುಮುತ್ತದೆ, ಹಿಂದೆ ಹೆಚ್ಚಾದರೆ ನೊಗವೇ ಮೇಲೇಳುತ್ತದೆ. ಟ್ರೇಲರ್‌ನಲ್ಲಿ ಒಟ್ಟು ತೂಕದ ಶೇ. 10ರಿಂದ 15ರಷ್ಟು ಎಳೆಯುವ ಗಾಡಿಗೆ ಸಿಕ್ಕಿಸುವ ಕೊಂಡಿಯ ಮೇಲೆ ಇರಬೇಕು. ಕಡಿಮೆಯಾದರೆ ಇಳಿಜಾರಿನಲ್ಲಿ ಟ್ರೇಲರ್ ಬಾಲ ಆಡಿಸತೊಡಗುತ್ತದೆ, ಒಮ್ಮೆ ಶುರುವಾದರೆ ಎಳೆಯುವ ಗಾಡಿಯನ್ನೂ ಅಲುಗಾಡಿಸುತ್ತದೆ. ಹೆಚ್ಚಾದರೆ ಜೀಪಿನ ಹಿಂಭಾಗ ಕುಸಿದು ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ.

ತೂಕ ನೋಡುವುದಕ್ಕೆ ನಮಗೆ ಬೇರೆ ಯಂತ್ರ ಬೇಕಾಗಲಿಲ್ಲ. ಕೊಯ್ದ ಹಣ್ಣು ತೂಗುವ ತಕ್ಕಡಿ ಶೆಡ್ಡಿನಲ್ಲೇ ಇತ್ತು, ಅದರ ಮೇಲೆ ಕೊಂಡಿಯ ತುದಿಯನ್ನು ಇಟ್ಟೆವು. ಸ್ಟೆಪ್ನಿ, ಬ್ಯಾಟರಿ, ಅಡುಗೆ ಪೆಟ್ಟಿಗೆಗಳಿಗೆ ಜಾಗ ಗೊತ್ತುಮಾಡುವ ಮೊದಲು ಅಷ್ಟಷ್ಟೇ ತೂಕದ ಕಾಫಿ ಚೀಲಗಳನ್ನು ಅಲ್ಲಲ್ಲಿಟ್ಟು ನೋಡಿದೆ. ಸ್ಟೆಪ್ನಿಯನ್ನು ಎಳೆಯುವ ಚೌಕಟ್ಟಿನ ಮೇಲೆ, ಬ್ಯಾಟರಿಯನ್ನು ಮುಂದಿನ ಗೋಡೆಗೆ ಇಟ್ಟರೆ ನೋಡಲು ಚೆನ್ನ, ಹೆಚ್ಚಿನವರು ಮಾಡುವುದೂ ಹಾಗೆಯೇ. ನಮ್ಮ ಗಾಡಿಯಲ್ಲಿ ಆಗ ಕೊಂಡಿಯ ಮೇಲೆ 95 ಕೆ.ಜಿ. ತೋರಿಸಿತು. ಅವೆರಡನ್ನೂ ಹಿಂದಿನ ತುದಿಗೆ ಒಯ್ದಾಗ 50ಕ್ಕೆ ಇಳಿಯಿತು. ಇಡೀ ಗಾಡಿ ಸುಮಾರು 420 ಕೆ.ಜಿ. ಇರುವುದರಿಂದ ಅದು ಶೇ. 12ರ ಹತ್ತಿರ. ನೀರಿನ ಕ್ಯಾನುಗಳನ್ನು ಮಾತ್ರ ಸರಿಯಾಗಿ ಆಕ್ಸಲಿನ ಮೇಲೆ ಇಟ್ಟೆ. ನೀರು ಖರ್ಚಾಗುತ್ತಾ ಹೋಗುವ ಭಾರ. ಅದು ಮುಂದೆಯೋ ಹಿಂದೆಯೋ ಇದ್ದರೆ ಬೆಳಿಗ್ಗೆ ಸರಿಯಿದ್ದ ಲೆಕ್ಕ ಸಂಜೆಗೆ ತಪ್ಪುತ್ತದೆ.

ಚೌಕಟ್ಟಿಗೆ ಬಳಸಿದ್ದು 75 ಮಿ.ಮೀ. ಸಿ ಚಾನೆಲ್, ಅಂದರೆ ಇಂಗ್ಲಿಷಿನ ಸಿ ಆಕಾರದ ಉಕ್ಕಿನ ಪಟ್ಟಿ. ಎರಡು ತೋಳುಗಳನ್ನು ಮುಂದೆ ಒಂದುಗೂಡಿಸಿ, ಹಿಂದಕ್ಕೆ ಚಾಸಿಸ್ಸಿನ ಅಡಿಯಲ್ಲಿ ಸ್ಪ್ರಿಂಗಿನ ಮುಂದಿನ ತುದಿಯನ್ನು ಹಿಡಿದಿರುವ ಹ್ಯಾಂಗರಿನವರೆಗೂ ಓಡಿಸಿದೆವು. ಕತ್ತರಿಸಿದ ಚಾಸಿಸ್ಸಿನ ಬಾಯಿಗೆ ಚಾನೆಲನ್ನು ನೇರವಾಗಿ ಅಂಟಿಸಿ ವೆಲ್ಡ್ ಮಾಡಿದರೆ, ಗುಂಡಿಯಲ್ಲಿ ಕುಣಿದಾಗ ಮೊದಲು ಬಿರುಕು ಬಿಡುವುದು ಆ ಗೆರೆಯಲ್ಲೇ. ಕೂಡು ಜಾಗಗಳಲ್ಲಿ ವಜ್ರಾಕಾರದ ತಟ್ಟೆ ಇಟ್ಟು ಓರೆಯಾಗಿ ವೆಲ್ಡ್ ಹಾಕಿಸಿದೆ. ಚಾಸಿಸ್ಸಿಗೆ ಅಡ್ಡಲಾಗಿ ಮೇಲಿನಿಂದ ಕೆಳಕ್ಕೆ ಎಲ್ಲಿಯೂ ವೆಲ್ಡ್ ಗೆರೆ ಎಳೆಯಬೇಡಿ ಎಂದು ಹೇಳಿದ್ದಕ್ಕೆ ಕಾಕ ನನ್ನ ಮುಖ ನೋಡಿ ನಕ್ಕರು. ಅವರಿಗೆ ಅದನ್ನು ನಾನು ಹೇಳಬೇಕಾಗಿರಲಿಲ್ಲ. ಕೊಂಡಿಗೆ ಕಾರುಗಳ ಹಿಂದೆ ಇರುವಂಥ ಗುಂಡು ಬೇಡವೆಂದು ಸೈನಿಕ ಗಾಡಿಗಳಲ್ಲಿರುವಂತೆ ಕೊಕ್ಕೆ ಮತ್ತು ಉಂಗುರವನ್ನೇ ಹಾಕಿಸಿದೆ. ಜೀಪು ಒಂದು ಬದಿಗೆ, ಟ್ರೇಲರ್ ಇನ್ನೊಂದು ಬದಿಗೆ ವಾಲುವ ರಸ್ತೆಯಲ್ಲಿ ಅದು ಹೆಚ್ಚು ತಿರುಚಿಕೊಳ್ಳುತ್ತದೆ. ಸದ್ದು ಮಾಡುತ್ತದೆ, ಮಾಡಲಿ. ಅದರ ಕೆಳಗೆ ಎರಡು ಸರಪಳಿಗಳು ಒಂದನ್ನೊಂದು ದಾಟಿ ಹೋಗುತ್ತವೆ. ಕೊಕ್ಕೆ ಬಿಟ್ಟುಹೋದರೂ ಚೌಕಟ್ಟಿನ ತುದಿ ನೆಲಕ್ಕೆ ಚುಚ್ಚದೆ ಸರಪಳಿಯ ಮೇಲೆ ಕೂರುತ್ತದೆ.

ಆಕ್ಸಲಿನ ವಿಷಯದಲ್ಲಿ ಹಲವರು ಕೇಳುವ ಪ್ರಶ್ನೆ: ಒಳಗಿನ ಶಾಫ್ಟ್, ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಗೇರು ಎಲ್ಲ ತೆಗೆದುಹಾಕಿ ಹಗುರ ಮಾಡಬಾರದೇ? ಈ ಜೀಪಿನ ಹಿಂದಿನ ಆಕ್ಸಲ್ ಸೆಮಿ ಫ್ಲೋಟಿಂಗ್ ಬಗೆಯದು. ಚಕ್ರವನ್ನು ಹಿಡಿದು ನಿಲ್ಲಿಸಿರುವುದೇ ಆ ಶಾಫ್ಟ್. ಅದನ್ನು ಎಳೆದರೆ ಚಕ್ರವೂ ಜೊತೆಗೇ ಬರುತ್ತದೆ. ಹಾಗಾಗಿ ಡಿಫರೆನ್ಷಿಯಲ್ ಉಳಿಯಿತು, ಅದರ ಎಣ್ಣೆಯೂ ಉಳಿಯಿತು. ಇನ್ನೊಂದು ಸಂಗತಿ ಹ್ಯಾಂಡ್ ಬ್ರೇಕಿನದು. ಹಳೆಯ ಸಿಜೆ ಜೀಪುಗಳಲ್ಲಿ ಅದು ಚಕ್ರಗಳಲ್ಲಿಲ್ಲ, ಮುಂದಿನ ಹಿಂದಿನ ಆಕ್ಸಲುಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುವ ಡ್ರಮ್ಮಿನಲ್ಲಿದೆ. ಟ್ರಾನ್ಸ್‌ಫರ್ ಕೇಸ್ ಹೋದಾಗ ಅದೂ ಹೋಯಿತು. ಬದಲಿಗೆ ಡಿಫರೆನ್ಷಿಯಲ್ಲಿನ ಪಿನಿಯನ್ ಫ್ಲ್ಯಾಂಜಿಗೆ (ಪ್ರೊಪೆಲ್ಲರ್ ಶಾಫ್ಟ್ ಕೂಡುವ ತಟ್ಟೆಗೆ) ರಂಧ್ರ ಕೊರೆದು, ಆಕ್ಸಲಿನ ಕವಚಕ್ಕೆ ಗಟ್ಟಿ ಬ್ರ್ಯಾಕೆಟ್ ಕೂರಿಸಿ ದಪ್ಪ ಪಿನ್ನು ತೂರಿಸುವಂತೆ ಮಾಡಿದೆ. ಗಾಡಿ ನಿಲ್ಲಿಸಿದಾಗ ಪಿನ್ನು ಹಾಕಿದರೆ ಎರಡು ಚಕ್ರಗಳೂ ಒಟ್ಟಿಗೆ ಒಂದೇ ಕಡೆಗೆ ಉರುಳಲಾರವು. ಆದರೂ ಮರದ ಅಡೆ ಇಡದೆ ಬಾಣೆಯ ಇಳಿಜಾರಿನಲ್ಲಿ ಬಿಟ್ಟುಬರುವುದಿಲ್ಲ.

ಸ್ಪ್ರಿಂಗಿನ ಪ್ಲೇಟುಗಳಲ್ಲಿ ಅರ್ಧದಷ್ಟನ್ನು ತೆಗೆಸಿದೆ. ಅವು ಜನ, ಸರಕು ಎರಡನ್ನೂ ಹೊರಲು ಮಾಡಿದವು, ಖಾಲಿ ಟ್ರೇಲರ್ ಅವುಗಳ ಮೇಲೆ ಕುಪ್ಪಳಿಸುತ್ತದೆ. ಟೈರಿನ ಗಾಳಿಯನ್ನೂ 20 ಪಿಎಸ್‌ಐಗೆ ಇಳಿಸಿದ್ದೇನೆ.

ಇನ್ನು ನೀರು. ಮೇಲಿನಿಂದ ಸುರಿಯುವ ಮಳೆಯನ್ನು ತಡೆಯುವುದು ಸುಲಭ. ಜೀಪಿನ ಹುಡ್ ಹೊಲಿಯುವವರು ನಮ್ಮ ಪೇಟೆಗಳಲ್ಲೆಲ್ಲ ಇದ್ದಾರೆ. ಜಿಐ ಪೈಪಿನ ಕಮಾನುಗಳ ಮೇಲೆ ದಪ್ಪ ಕ್ಯಾನ್ವಾಸ್ ಹೊಲಿಸಿ, ಎರಡೂ ತುದಿಗಳಲ್ಲಿ ಬಲೆ ಹಾಕಿದ ಕಿಟಕಿ ಬಿಡಿಸಿದೆ. ತಗಡಿನ ಚಾವಣಿ ಬೇಡವೆಂದದ್ದು ತೂಕಕ್ಕಾಗಿ ಮಾತ್ರ ಅಲ್ಲ. ಡಿಸೆಂಬರ್, ಜನವರಿಯ ಮಂಜಿನಲ್ಲಿ ಒಳಗೆ ಇಬ್ಬರು ಉಸಿರಾಡುತ್ತಾ ಮಲಗಿದರೆ ತಣ್ಣಗಿನ ತಗಡಿನ ಮೇಲೆ ಆ ಉಸಿರೇ ನೀರಾಗಿ ಇಳಿಯುತ್ತದೆ. ಬದಿಯ ತಗಡು ಹೇಗೂ ಇದ್ದೇ ಇದೆ, ಅದಕ್ಕೆ ಪ್ಲೈವುಡ್ಡನ್ನು ನೇರವಾಗಿ ಒತ್ತದೆ ರೀಪರ್ ಕೊಟ್ಟು ಒಂದಂಗುಲ ದೂರದಲ್ಲಿ ಹೊಡೆಸಿದೆ. ಹಾಸಿಗೆಯ ಕೆಳಗೂ ಸಂದು ಬಿಟ್ಟ ಪಟ್ಟಿಗಳೇ, ಹಲಗೆಯಲ್ಲ. ಚಕ್ರದ ಕಮಾನುಗಳ ನಡುವೆ ಅಗಲ ಸುಮಾರು ಮೂರು ಅಡಿ ಮಾತ್ರ. ಕಮಾನುಗಳ ಮಟ್ಟಕ್ಕೆ ಹಾಸಿಗೆಯನ್ನು ಎತ್ತರಿಸಿದ್ದರಿಂದ ಬಾಡಿಯ ಪೂರ್ತಿ ಅಗಲ ಸಿಕ್ಕಿತು, ಕೆಳಗೆ ಸಾಮಾನಿಗೂ ಜಾಗವಾಯಿತು.

ಅಪಾಯದ ನೀರು ಕಾಣದೆ ನಿಲ್ಲುವಂಥದ್ದು. ಜೀಪಿನ ನೆಲದ ಅಡಿಯ ಮಡಿಕೆಗಳಲ್ಲಿ, ಸೀಟಿನ ಕೆಳಗಿನ ಟೂಲ್ ಪೆಟ್ಟಿಗೆಯಲ್ಲಿ ಕೆಸರು ತುಂಬಿ ತುಕ್ಕು ಒಳಗಿನಿಂದ ಹೊರಕ್ಕೆ ಬಂದಿತ್ತು. ಕೊಳೆತದ್ದನ್ನು ಕತ್ತರಿಸಿ 18 ಗೇಜಿನ ತಗಡು ಹಾಕಿಸಿ, ರೆಡ್ ಆಕ್ಸೈಡ್ ಬಳಿಸಿದ ಮೇಲೆ ಮಡಿಕೆಗಳಿಗೆಲ್ಲ ನೀರು ಬಸಿಯುವ ರಂಧ್ರ ಕೊರೆಸಿದೆ. ನೆಲದಲ್ಲಿ ಬಿರಡೆ ಇರುವ ಎರಡು ತೂತುಗಳನ್ನೂ ಮಾಡಿಸಿದೆ. ಯುದ್ಧಕಾಲದ ಆ ಟ್ರೇಲರ್‌ಗಳಲ್ಲೂ ಇಂಥ ಬಿರಡೆ ಇತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿರಡೆ ತೆಗೆದು, ಮೂತಿಯನ್ನು ಸ್ವಲ್ಪ ಎತ್ತಿ ಶೆಡ್ಡಿನಲ್ಲಿ ನಿಲ್ಲಿಸುತ್ತೇನೆ. ಮಳೆಗಾಲದಲ್ಲಿ ಇದರಲ್ಲಿ ಮಲಗಿ ಸಾಹಸ ತೋರುವ ಹಟ ನನಗಿಲ್ಲ, ಜಿಗಣೆಗಳಿಗೆ ಬೇರೆ ಊಟ ಸಿಗುತ್ತದೆ.

ಬಿರಡೆಗೆ ಇನ್ನೊಂದು ಉಪಯೋಗವಿದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಇಂಥ ಬಾಡಿಯ ತಳದಲ್ಲೇ ತುಂಬಿ ನಿಲ್ಲುತ್ತದೆ, ಬಿರಡೆ ತೆಗೆದಿದ್ದರೆ ಆ ತೂತಿನಿಂದ ಇಳಿದುಹೋಗಬಹುದು, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಅದಕ್ಕೇ ಸಿಲಿಂಡರ್, ಒಲೆ ಎರಡೂ ಹಿಂಬಾಗಿಲ ಹೊರಗಿನ ಪೆಟ್ಟಿಗೆಯಲ್ಲಿವೆ, ಅಕ್ಕಿರೊಟ್ಟಿ ಬೇಯುವುದು ಬಯಲಿನಲ್ಲಿ. ಚಳಿಯೆಂದು ಕೆಂಡದ ಬಾಣಲೆಯನ್ನು ಒಳಗೆ ಇಟ್ಟುಕೊಳ್ಳುವ ಅಭ್ಯಾಸ ನಮ್ಮವರಲ್ಲಿದೆ. ಈ ಗಾಡಿಯೊಳಗೆ ಅದು ಕೂಡದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವನಿಗೆ ಎಚ್ಚರವೂ ಆಗುವುದಿಲ್ಲ. ಇನ್ನೊಂದು ಕಂಬಳಿ ಹೊದೆಯಿರಿ. ಮಲಗುವ ಮೊದಲು ನಾಲ್ಕು ಮೂಲೆಗಳ ಜ್ಯಾಕ್ ಇಳಿಸುವುದನ್ನೂ ಬಿಡಬೇಡಿ. ಕೊಂಡಿ ಬಿಚ್ಚಿದ ಗಾಡಿಯ ಹಿಂಬಾಗಿಲ ಮೇಲೆ ಜನ ಕುಳಿತರೆ ಅದು ಮಗುಚಿಕೊಳ್ಳಬಹುದು.

ಆನೆಯ ಮಾತೂ ಹೇಳಲೇಬೇಕು. ಹಲಸು, ಬಾಳೆಹಣ್ಣು, ಭತ್ತ ಇವುಗಳನ್ನು ಟ್ರೇಲರ್‌ನಲ್ಲಿ ಇಡುವುದಿಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ಆ ಮರಗಳ ಹತ್ತಿರ ಅದನ್ನು ನಿಲ್ಲಿಸುವುದೂ ಇಲ್ಲ. ಆನೆ ಸುಳಿದ ಸುದ್ದಿ ಬಂದ ದಿನ ಕಣಕ್ಕೆ ಹೋಗುವುದಿಲ್ಲ. ಕ್ಯಾನ್ವಾಸಿನ ಗೋಡೆ ಚಳಿಗೆ ಸಾಕು, ಆನೆಗೆ ಸಾಲದು.

ಕಾಗದಪತ್ರದ ವಿಚಾರ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ನೋಂದಣಿ ಇಲ್ಲದೆ ಅದನ್ನು ಸಾರ್ವಜನಿಕ ರಸ್ತೆಗೆ ಇಳಿಸುವಂತಿಲ್ಲ. ಮನೆಯಲ್ಲಿ ಕಟ್ಟಿದ ಗಾಡಿಯನ್ನು ನೋಂದಾಯಿಸುವುದು ಸುಲಭದ ಮಾತಲ್ಲವಾದ್ದರಿಂದ ನಾನು ಇದನ್ನು ತೋಟದ ಬೇಲಿಯೊಳಗೇ ಎಳೆಯುತ್ತೇನೆ. ಆಚೆ ಹೋಗಬೇಕಾದರೆ ಪಿಕಪ್ ಲಾರಿಯ ಮೇಲೆ ಹೇರಿಸುತ್ತೇನೆ. ಇನ್ನು ಓಡಿಸಲಾಗದಂತೆ ಕಳಚಿದ ಜೀಪಿನ ವಿಷಯವನ್ನು ಅದೇ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ 14 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಆರ್‌ಸಿ ಒಪ್ಪಿಸಿ ನೋಂದಣಿ ರದ್ದು ಮಾಡಿಸಬೇಕು. ಜೀಪಿನ ಬಾಡಿಯ ಮೇಲೆ ಗ್ರೈಂಡರ್ ಇಡುವ ಮೊದಲೇ ಆ ಕಚೇರಿಗೆ ಹೋಗಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಬರಿಯ ಬಾಡಿಯನ್ನು ಗುಜರಿಯಿಂದ ಕೊಳ್ಳುವವರು ಹಿಂದಿನ ಮಾಲೀಕರಿಂದ ಆ ರದ್ದತಿಯ ಪ್ರತಿಯನ್ನು ಕೇಳಿ ಪಡೆಯಲಿ, ಹಣ ಕೊಡುವುದು ಆಮೇಲೆ.