ಕೂಡಿ ಬೇಸಾಯ ಮಾಡುವವರ ಜೊತೆ ಸೇರುವ ಮುಂಚೆ

ವಿಜಯಪುರ ಕಡೆ ನಾಲ್ಕಾರು ಮನೆಯವರು ಸೇರಿ ಒಂದೇ ಹೊಲ, ಒಂದೇ ಒಲೆ ಅಂತ ಬದುಕುವ ಆಸೆ ಇದ್ದವರಿಗೆ ಒಂದು ಮಾತು. ಎಳ್ಳ ಅಮಾವಾಸ್ಯೆಗೆ ಹೋಗಿ ನೋಡಿ ಮನಸ್ಸು ಮಾಡಬೇಡಿ. ಆಗ ಎರೆ ಹೊಲದ ತುಂಬ ಜೋಳ ಹಸಿರಾಗಿ ನಿಂತಿರುತ್ತದೆ. ಭೂತಾಯಿಗೆ ಎಡೆಯಾಗಿ ಹೊಲದಲ್ಲಿ ಚರಗ ಚೆಲ್ಲಿ ಸಜ್ಜಿ ರೊಟ್ಟಿ, ಪುಂಡಿಪಲ್ಯ ಉಣ್ಣುವಾಗ ಯಾರಿಗಾದರೂ ಅಲ್ಲೇ ಇರೋಣ ಅನಿಸುತ್ತದೆ, ಅಲ್ವಾ?

ಫೆಬ್ರವರಿ ಕೊನೆಗೆ ಹೋಗಿ, ಎಂಟು ದಿನ ಇರಿ. ಹಿಂಗಾರಿ ಜೋಳ ಕೀಳುವ ಹೊತ್ತು ಅದು. ಬೇರು ಸಮೇತ ಕೈಯಿಂದಲೇ ಕೀಳಬೇಕು. ಮೊದಲ ದಿನವೇ ಅಂಗೈಯಲ್ಲಿ ಬೊಬ್ಬೆ ಬರುತ್ತದೆ, ಬಟ್ಟೆ ಸುತ್ತಿಕೊಳ್ಳಿ. ಬೀಗರ ಹಾಗೆ ಸುಮ್ನೆ ಕೂರಬೇಡಿ. ಪಾತ್ರೆ ತೊಳೆಯಿರಿ, ದನದ ಸೆಗಣಿ ತೆಗೆಯಿರಿ. ಯಾರ ಜೊತೆ ಹೊಂದುತ್ತದೆ ಅನ್ನೋದು ಅಲ್ಲೇ ಗೊತ್ತಾಗುವುದು. ಏಪ್ರಿಲ್‌ನಲ್ಲಿ ಇನ್ನೊಮ್ಮೆ ಹೋಗಿ ಬೋರ್‌ವೆಲ್ ನೀರು ನೋಡಿ.

ದುಡ್ಡು ಹಾಕುವ ಮುಂಚೆ ಹೊಲದ ಉತಾರ, ಅಂದರೆ ಪಹಣಿ ತೆಗೆಸಿ. 9ನೇ ಕಾಲಮಿನಲ್ಲಿ ಯಾರ ಹೆಸರಿದೆ, 11ರಲ್ಲಿ ಸಾಲದ ಬೋಜಾ ಇದೆಯಾ ನೋಡಿ. ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ರೈತರಲ್ಲದವರೂ ಹೊಲ ಕೊಳ್ಳಬಹುದು. ಆದರೆ ಹೊಲ ಒಬ್ಬರ ಹೆಸರಿನಲ್ಲೇ ಇದ್ದರೆ ಬಾಯಿಮಾತು ಸಾಲದು. ಬಿಟ್ಟು ಹೋಗುವಾಗ ನಿಮಗೆ ಏನು ಸಿಗುತ್ತದೆ ಅನ್ನೋದನ್ನೂ ಮೊದಲೇ ಬರೆಸಿಕೊಳ್ಳಿ. ಕೇಳೋಕೆ ಸಂಕೋಚ ಬೇಡ.