ಶೀಟಿನ ರೂಮು, 300 ವ್ಯಾಟ್ ಕಾರ್ಡು, ಕಿಟಕಿಗೆ ಬಂದ ರೇಡಿಯೇಟರ್

ಮಂಡ್ಯದ ಗುತ್ತಲು ರಸ್ತೆಯಲ್ಲಿ ಮದುವೆ ವಿಡಿಯೋ ಎಡಿಟ್ ಮಾಡುವ ಪುಟ್ಟ ಸ್ಟುಡಿಯೋ ನನ್ನದು. ಮೇಲೆ ಶೀಟು, ಪೂರ್ವಕ್ಕೆ ಒಂದೇ ಕಿಟಕಿ. ಏಪ್ರಿಲ್ ಮಧ್ಯಾಹ್ನ ರೆಂಡರ್‌ಗೆ, ಅಂದರೆ ಎಡಿಟ್ ಆದದ್ದನ್ನು ಪೂರ್ತಿ ವಿಡಿಯೋ ಮಾಡಿ ತೆಗೆಯಲು, ಹಾಕಿದರೆ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು 83 ಡಿಗ್ರಿ ಮುಟ್ಟಿ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಒಂದೂವರೆ ಗಂಟೆಯ ಕೆಲಸ ಎರಡು ಗಂಟೆ ಹಿಡಿಯುತ್ತಿತ್ತು.

ಆ ಕಾರ್ಡಿನ ಕೂಲರ್‌ನಲ್ಲಿ ವೇಪರ್ ಚೇಂಬರ್ ಇತ್ತು. ನಾನದನ್ನು ಗಟ್ಟಿ ತಾಮ್ರದ ತಟ್ಟೆ ಅಂದುಕೊಂಡಿದ್ದೆ. ಬಿಸಿಯನ್ನು ಗಾಳಿಗೆ ಬಿಡುವ ದೊಡ್ಡ ಲೋಹದ ಹೀಟ್‌ಸಿಂಕ್ ಕೂರಿಸೋಣ ಅಂತ ಸ್ಕ್ರೂಗೆ ಒಂದು ತೂತು ಕೊರೆದೆ. ಒಳಗಿಂದ ಎರಡು ಹನಿ ನೀರು ಬಂತು. ಅಲ್ಲಿಗೆ ಅದು ಕೆಟ್ಟಿತು.

ಅದು ಒಳಗೆ ಟೊಳ್ಳು. ಗಾಳಿ ತೆಗೆದು, ಚೂರೇ ಚೂರು ನೀರು ಬಿಟ್ಟು ಸೀಲ್ ಮಾಡಿರುತ್ತಾರೆ. ಒತ್ತಡ ಅಷ್ಟು ಕಡಿಮೆ ಇರುವುದರಿಂದ ನೀರು 100 ಡಿಗ್ರಿ ಆಗಲಿ ಅಂತ ಕಾಯುವುದಿಲ್ಲ, 40 ಡಿಗ್ರಿಯ ಆಸುಪಾಸಿನಲ್ಲೇ ಕಾರ್ಡಿನ ಚಿಪ್‌ನ ಬಿಸಿ ಹೀರಿ ಆವಿಯಾಗುತ್ತದೆ, ಆವಿ ತಟ್ಟೆಯ ತುಂಬಾ ಹರಡಿ ತಣ್ಣಗಿರುವ ಕಡೆ ಹನಿಗಟ್ಟುತ್ತದೆ, ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಆಗುತ್ತದಲ್ವಾ, ಹಾಗೆ. ಒಳಗೋಡೆಯ ತಾಮ್ರದ ಪುಡಿಯ ಪದರ ಆ ಹನಿಯನ್ನು ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಮತ್ತೆ ಚಿಪ್‌ನ ಮೇಲಕ್ಕೆ ಎಳೆದು ತರುತ್ತದೆ. ತೂತಾದ ಮೇಲೆ ನೋಡಿದರೆ ನಡುಭಾಗ ಕೈ ಸುಡುವಷ್ಟು ಬಿಸಿ, ಅಂಚು ತಣ್ಣಗೆ. ಬಿಸಿ ಹರಡುತ್ತಲೇ ಇರಲಿಲ್ಲ.

ಹಾಗಾಗಿ ವಾಟರ್ ಕೂಲಿಂಗ್‌ಗೆ ಇಳಿದೆ. ಚಿಪ್‌ನ ಮೇಲೆ ಕೂರುವ, ಒಳಗೆ ನೀರು ಹರಿಯುವ ತಾಮ್ರದ ವಾಟರ್ ಬ್ಲಾಕ್, ಪಂಪು, ಪುಟ್ಟ ಟ್ಯಾಂಕು, ನೀರಿನ ಬಿಸಿಯನ್ನು ಗಾಳಿಗೆ ಬಿಡುವ ಎರಡು ಫ್ಯಾನಿನ 240 ಎಂಎಂ ರೇಡಿಯೇಟರ್. ನಮ್ಮ ಬೋರ್‌ವೆಲ್ ನೀರು ಕುದಿಸಿದ ಪಾತ್ರೆ ನೋಡಿದರೆ ಸಾಕು, ಬಿಳಿ ಸುಣ್ಣ ಕಟ್ಟಿರುತ್ತದೆ. ಬ್ಲಾಕಿನ ಕೂದಲೆಳೆಯಂಥ ಸಂದಿಗೆ ಅದನ್ನು ಬಿಡುವ ಮಾತೇ ಇಲ್ಲ. ಡಿಸ್ಟಿಲ್ಡ್ ವಾಟರ್ ಹಾಕಿದೆ. ಆದರೂ ಕೆಲವೇ ತಿಂಗಳಲ್ಲಿ ನೀರು ಬೆಳ್ಳಗೆ ಮಡ್ಡಿಯಾಯಿತು. ಕಾರಣ, ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದ ರೇಡಿಯೇಟರ್ ಅಲ್ಯೂಮಿನಿಯಂದು. ತಾಮ್ರವೂ ಅಲ್ಯೂಮಿನಿಯಮ್ಮೂ ಒಂದೇ ನೀರಿನಲ್ಲಿ ಸೇರಿದರೆ ಬ್ಯಾಟರಿಯ ಹಾಗೆ ಕೆಲಸ ಮಾಡಿ ಅಲ್ಯೂಮಿನಿಯಂ ಸವೆದು ಹೋಗುತ್ತದೆ. ತಾಮ್ರ-ಹಿತ್ತಾಳೆಯದು ತಂದು, ಎಲ್ಲ ತೊಳೆದು, ತುಕ್ಕು ತಡೆಯುವ ಕೂಲೆಂಟ್ ಹಾಕಿದೆ. ಎಲ್ಲಾದರೂ ಸೋರುತ್ತದಾ ಅಂತ ತಿಳಿಯಲು ಪ್ರತಿ ಜಾಯಿಂಟಿನ ಕೆಳಗೂ ಟಿಶ್ಯೂ ಪೇಪರ್ ಇಟ್ಟು, ಬೇರೆ ಯಾವುದಕ್ಕೂ ಕರೆಂಟ್ ಕೊಡದೆ ಪಂಪ್ ಒಂದನ್ನೇ 24 ಗಂಟೆ ಓಡಿಸಿ ನೋಡಿದೆ. ಇದನ್ನಂತೂ ಯಾರೂ ಬಿಡಬಾರದು.

ರೆಂಡರ್ ಹಾಕಿದ ಮೊದಲ ಅರ್ಧ ಗಂಟೆ ಚೆನ್ನಾಗಿತ್ತು. ಆಮೇಲೆ ನೀರಿನ ಬಿಸಿ ಮೆಲ್ಲಗೆ ಏರುತ್ತಾ 54 ಡಿಗ್ರಿಗೆ ಬಂತು. ಎಷ್ಟೋ ಪಂಪುಗಳು ತಡೆಯುವುದೇ 60ರವರೆಗೆ. ನೀರು ಸಾಲುತ್ತಿಲ್ಲವೇನೋ ಅಂತ ಪಂಪಿನ ವೇಗ ಏರಿಸಿದೆ, ಏನೂ ಆಗಲಿಲ್ಲ. ಲೆಕ್ಕ ಹಾಕಿದಾಗ ಗೊತ್ತಾಯಿತು. ನಿಮಿಷಕ್ಕೆ 1 ಲೀಟರ್ ಹರಿದರೂ ಕಾರ್ಡಿನ 300 ವ್ಯಾಟ್ ಶಾಖ ಹೊತ್ತ ನೀರು ಬ್ಲಾಕ್ ದಾಟುವಾಗ ಏರುವುದು 4 ಡಿಗ್ರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹರಿವು ಬೇಕಾದಷ್ಟಿತ್ತು. ರೂಮಿನ ಥರ್ಮಾಮೀಟರ್ ನೋಡಿದೆ. 36 ಇದ್ದದ್ದು 41 ಆಗಿತ್ತು.

ಆವಿಯಾಗಲಿ, ನೀರಾಗಲಿ, ಶಾಖವನ್ನು ಇಲ್ಲಿಂದ ಎತ್ತಿ ಅಲ್ಲಿಗೆ ಹಾಕುತ್ತವೆ, ಇಲ್ಲವಾಗಿಸುವುದಿಲ್ಲ. ನಾನು ಕಾರ್ಡಿನ ಬಿಸಿ ತೆಗೆದು ಅದೇ ಶೀಟಿನ ಕೆಳಗೆ ಸುರಿಯುತ್ತಿದ್ದೆ, ಫ್ಯಾನು ಅದೇ ಗಾಳಿಯನ್ನು ಮತ್ತೆ ರೇಡಿಯೇಟರಿಗೆ ಎಳೆಯುತ್ತಿತ್ತು.

ಮಾರನೇ ದಿನವೇ ಪೈಪು ಉದ್ದ ಮಾಡಿಸಿದೆ. ರೇಡಿಯೇಟರನ್ನು ಕಿಟಕಿಗೆ ಕೂರಿಸಿ, ಫ್ಯಾನು ಹೊರಕ್ಕೆ ದೂಡುವ ಹಾಗೆ ತಿರುಗಿಸಿ, ಸುತ್ತ ಉಳಿದ ಸಂದಿಗೆ ಥರ್ಮಾಕೋಲ್ ಹೊಡೆದೆ. ಹೊಸ ಗಾಳಿ ಒಳಗೆ ಬರಬೇಕಲ್ವಾ, ಅದಕ್ಕೆ ಬಾಗಿಲ ಕೆಳಗೆ ನಾಲ್ಕು ಬೆರಳಷ್ಟು ಜಾಗ ಬಿಟ್ಟೆ. ಮಧ್ಯಾಹ್ನ ಕಿಟಕಿಯ ಕಡೆ ನೆರಳು, ಅದೂ ಅನುಕೂಲವಾಯಿತು. ನೀರು 48ಕ್ಕೆ ಬಂದು ನಿಂತಿತು, ಕಾರ್ಡು 63ಕ್ಕೆ. ರೆಂಡರ್ ಮತ್ತೆ ಒಂದೂವರೆ ಗಂಟೆಗೆ ಮುಗಿಯುತ್ತಿದೆ.

ಈಗ ಉಳಿದಿರುವುದು ಧೂಳಿನ ಕಾಟ. ಬಾಗಿಲ ಸಂದಿಯಿಂದ ಬಂದ ರಸ್ತೆ ಧೂಳೆಲ್ಲ ರೇಡಿಯೇಟರಿಗೆ ಮೆತ್ತಿಕೊಳ್ಳುತ್ತದೆ. ಹದಿನೈದು ದಿನಕ್ಕೊಮ್ಮೆ ಪೇಂಟ್ ಬ್ರಷ್‌ನಲ್ಲಿ ಉಜ್ಜುತ್ತೇನೆ.