ಮಕ್ಕಳ ಕಣ್ಣಿನ ತಪಾಸಣೆ: ಯಂತ್ರದ ಅಳತೆಯನ್ನು ಎಷ್ಟರಮಟ್ಟಿಗೆ ನಂಬಬೇಕು?

ಮಕ್ಕಳ ಕಣ್ಣನ್ನು ಕ್ಯಾಮೆರಾದಂತೆ ದೂರದಿಂದಲೇ ತಪಾಸಿಸುವ ಫೋಟೋಸ್ಕ್ರೀನರ್ ಯಂತ್ರದ ಪರದೆಯ ಮೇಲೆ ಮೂಡುವ ಅಂಕಿಗಳನ್ನು ಓದುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಬೇಕು: ಮಗುವಿಗೆ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದನ್ನು ಫೋಟೋಸ್ಕ್ರೀನರ್ ಅಳೆಯುವುದೇ ಇಲ್ಲ. ಅದು ಸುಮಾರು ಒಂದು ಮೀಟರ್ ದೂರದಿಂದ ಎರಡೂ ಕಣ್ಣುಗಳಿಗೆ ಇನ್‌ಫ್ರಾರೆಡ್ ಬೆಳಕನ್ನು ಹಾಯಿಸಿ, ಅಕ್ಷಿಪಟಲದಿಂದ ಮರಳುವ ಬೆಳಕು ಪಾಪೆಯಲ್ಲಿ ಹೇಗೆ ಹರಡಿಕೊಂಡಿದೆ ಎಂಬುದನ್ನು ನೋಡಿ ಕಣ್ಣಿನ ಪವರನ್ನು ಅಂದಾಜಿಸುತ್ತದೆ. ಆದ್ದರಿಂದ ಅದು ಹೇಳುವುದು ಸೋಮಾರಿ ಕಣ್ಣು (ಮಿದುಳು ಒಂದು ಕಣ್ಣನ್ನು ಸರಿಯಾಗಿ ಬಳಸದೆ ಅದರ ದೃಷ್ಟಿ ಕುಂದುವುದು) ಉಂಟಾಗುವ ಅಪಾಯವನ್ನೇ ಹೊರತು ದೃಷ್ಟಿಯ ತೀಕ್ಷ್ಣತೆಯನ್ನಲ್ಲ. ಚಿತ್ರವನ್ನೂ ಗುರುತಿಸಿ ಹೇಳಲಾಗದ ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಇದು ಬಹಳ ಉಪಯುಕ್ತ. ನಾಲ್ಕು ದಾಟಿದ ಮಗು ಸಹಕರಿಸುವುದಾದರೆ ಒಂದೊಂದೇ ಕಣ್ಣು ಮುಚ್ಚಿ ಚಾರ್ಟ್ ಓದಿಸುವುದೇ ಮೇಲು.

ಕೋಣೆಯ ಬೆಳಕನ್ನು ತಗ್ಗಿಸಿ. ಬೆಳಕಿಗೆ ಪಾಪೆ ಕಿರಿದಾದರೆ ಯಂತ್ರಕ್ಕೆ ಅಳತೆಯೇ ಸಿಗುವುದಿಲ್ಲ, ಹಾಗಾಗಿ ಮಗುವನ್ನು ಕಿಟಕಿಯ ಕಡೆಗೆ ಮುಖ ಮಾಡಿ ಕೂರಿಸಬಾರದು. ತಾಯಿಯ ತೊಡೆಯ ಮೇಲೆ ಕುಳಿತ ಮಗು ಯಂತ್ರದ ದೀಪಗಳನ್ನು ಬಿಟ್ಟು ತಾಯಿಯ ಮುಖದತ್ತ ಕತ್ತು ಹೊರಳಿಸಿದ ಕ್ಷಣದಲ್ಲಿ ತೆಗೆದ ಅಳತೆಗೆ ಬೆಲೆಯಿಲ್ಲ. ತಲೆ ಒಂದು ಕಡೆಗೆ ವಾಲಿದ್ದರೆ ಅಸ್ಟಿಗ್ಮಾಟಿಸಂನ (ಕಣ್ಣಿನ ಪವರ್ ಎಲ್ಲ ದಿಕ್ಕಿನಲ್ಲೂ ಒಂದೇ ಆಗಿರದ ದೋಷದ) ಕೋನವೂ ತಪ್ಪಾಗುತ್ತದೆ. ಅನುಮಾನವಿದ್ದರೆ ಇನ್ನೊಮ್ಮೆ ಅಳೆಯಿರಿ, ಎರಡು ಅಳತೆಗಳು ಹೊಂದದಿದ್ದರೆ ಎರಡನ್ನೂ ನೆಚ್ಚಬೇಡಿ.

ಯಂತ್ರ ಹೆಚ್ಚಾಗಿ ಎಡವುವುದು ದೂರದೃಷ್ಟಿ ದೋಷದಲ್ಲಿ, ಅಂದರೆ ಪ್ಲಸ್ ಪವರ್‌ನಲ್ಲಿ. ಮಕ್ಕಳ ಕಣ್ಣಿನ ಮಸೂರಕ್ಕೆ ಕುಗ್ಗಿ ಹಿಗ್ಗಿ ಫೋಕಸ್ ಮಾಡಿಕೊಳ್ಳುವ ಶಕ್ತಿ ಬಹಳ ಇರುವುದರಿಂದ, ಯಂತ್ರವನ್ನು ದಿಟ್ಟಿಸುವಾಗ ಮಗು ತನಗರಿವಿಲ್ಲದೆಯೇ ದೋಷದ ಒಂದು ಭಾಗವನ್ನು ಮುಚ್ಚಿಬಿಡುತ್ತದೆ, ಅಳತೆ ಕಡಿಮೆ ಬರುತ್ತದೆ. ಈ ಶಕ್ತಿಯನ್ನು ತಾತ್ಕಾಲಿಕವಾಗಿ ತಡೆಯುವ ಹನಿ ಹಾಕಿ ನೇತ್ರತಜ್ಞರು ಮಾಡುವ ಪರೀಕ್ಷೆಯೇ ಇಂದಿಗೂ ಒರೆಗಲ್ಲು. ಯಂತ್ರದ ಚೀಟಿ ಹಿಡಿದು ನೇರವಾಗಿ ಕನ್ನಡಕ ಮಾಡಿಸುವುದು ತಪ್ಪೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಅಂಕಿಗಳಲ್ಲಿ ಮೊದಲು ನೋಡಬೇಕಾದದ್ದು ಎರಡು ಕಣ್ಣುಗಳ ನಡುವಿನ ವ್ಯತ್ಯಾಸ. ಅಮೆರಿಕದ ಮಕ್ಕಳ ನೇತ್ರತಜ್ಞರ ಸಂಘದ 2021ರ ಮಾರ್ಗಸೂಚಿಯು ತಪಾಸಣೆಯಲ್ಲಿ ಪತ್ತೆಯಾಗಬೇಕಾದ ದೋಷಗಳಲ್ಲಿ 4 ಡಯಾಪ್ಟರ್ (ಪವರ್ ಅಳೆಯುವ ಮಾನ) ಮೀರಿದ ಪ್ಲಸ್ ಪವರನ್ನೂ 1.25 ಡಯಾಪ್ಟರ್ ಮೀರಿದ ವ್ಯತ್ಯಾಸವನ್ನೂ ಹೆಸರಿಸುತ್ತದೆ. ಬಲಗಣ್ಣು +1.00, ಎಡಗಣ್ಣು +2.75 ಬಂದರೆ ಬಿಡಿಬಿಡಿಯಾಗಿ ಎರಡೂ ಸಣ್ಣವೇ, ಆದರೆ ನಡುವಿನ 1.75ರ ಅಂತರ ಆತಂಕದ್ದು. ಯಂತ್ರದಲ್ಲಿ ಹೊಂದಿಸಿರುವ ಮಿತಿಯನ್ನೂ ಕೇಳಿ ತಿಳಿಯಿರಿ: ಮಿತಿಯನ್ನು ಇಳಿಸಿದರೆ ಆರೋಗ್ಯವಂತ ಮಕ್ಕಳೂ ಆಸ್ಪತ್ರೆಗೆ ಅಲೆಯುತ್ತಾರೆ, ಏರಿಸಿದರೆ ದೋಷವಿರುವ ಮಕ್ಕಳು ತಪ್ಪಿಹೋಗುತ್ತಾರೆ.

ಯಾವಾಗಲೋ ಒಮ್ಮೊಮ್ಮೆ ಕಾಣಿಸಿಕೊಳ್ಳುವ ಮೆಳ್ಳೆಗಣ್ಣು ಯಂತ್ರದ ಕಣ್ಣಿಗೆ ಬೀಳದೆ ಹೋಗಬಹುದು. ಮನೆಯವರು ಅದನ್ನು ಕಂಡಿದ್ದರೆ ಯಂತ್ರ ಸರಿಯೆಂದರೂ ತಜ್ಞರಲ್ಲಿಗೆ ಹೋಗಬೇಕು. ಪದೇ ಪದೇ ಪ್ರಯತ್ನಿಸಿದರೂ ಅಳತೆ ಸಿಗದ ಮಗುವನ್ನು ‘ಸರಿಯಿದೆ’ ಎಂಬ ಪಟ್ಟಿಗೆ ಸೇರಿಸಬಾರದು, ತಜ್ಞರಿಗೆ ತೋರಿಸಬೇಕಾದವರ ಪಟ್ಟಿಗೆ ಸೇರಿಸಬೇಕು. ಅದು ಬರೀ ಹಠವಾಗಿರಬಹುದು, ಇಲ್ಲವೇ ಪೊರೆಯೊಂದು ಬೆಳಕನ್ನು ಒಳಗೆ ಬಿಡದೆ ತಡೆಯುತ್ತಿರಬಹುದು.